ಏರಿಸಿದ ಕೋಣೆ

ಚಾಳೀಸು ನನಗಿಂತ ಮೊದಲು ನನ್ನ ತಂಗಿ ಹೈಮಳಿಗೆ ಬಂತು. ಮುಟ್ಟು ನಿಂತದ್ದೂ ಅವಳಿಗೇ ಮೊದಲು. ನಾನು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಹುಟ್ಟಿದವಳು ಅವಳು. ಅವಳ ತೊಟ್ಟಿಲು ತೂಗಿ ತೂಗಿ ಕೈ ನೋಯಿಸಿಕೊಂಡವಳು ನಾನು. ಈಗ ಇಬ್ಬರೂ ಸಂತೆಗೆ ಹೋದರೆ ತರಕಾರಿಯವಳು ಅವಳನ್ನು ತೋರಿಸಿ, "ನಿಮ್ಮಮ್ಮನಾ?" ಅಂತ ನನ್ನನ್ನು ಕೇಳುತ್ತಾಳೆ. ಆ ತರಕಾರಿಯವಳ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರುವುದು ನಮ್ಮಣ್ಣ ವೀರಭದ್ರನ ಮೇಲೆ. ಅದು ಆರದೆ ಇರಲಿ ಅಂತಲೇ ಇದನ್ನೆಲ್ಲ ಹೇಳುತ್ತಿದ್ದೇನೆ.

ನಮ್ಮೂರಲ್ಲಿ ಕಂಪ್ಯೂಟರ್ ಓಡುತ್ತಿರುವ ಕೋಣೆಯೊಳಗೆ ಕೂತವರ ಕಾಲವೂ ಅದರ ವೇಗದಲ್ಲೇ ಓಡುತ್ತದೆ. ಕೊಂಡಾಗಿನ ವೇಗದಲ್ಲೇ ಬಿಟ್ಟರೆ ಒಳಗೂ ಹೊರಗೂ ಒಂದೇ ಕಾಲ. ಪ್ರೊಸೆಸರಿನ ವೇಗವನ್ನು ಒಂದು ಗೆರೆ ಏರಿಸಿದಿರೋ, ಹೊರಗೆ ಒಂದು ಮಧ್ಯಾಹ್ನ ಕಳೆಯುವಷ್ಟರಲ್ಲಿ ಒಳಗೆ ಎರಡು ಕಳೆದಿರುತ್ತವೆ. ಹೊರಗಿನಿಂದ ತಂದ ಹೊಸ ಕಂಪ್ಯೂಟರುಗಳಿಗೆ ನಮ್ಮ ಗೋಡೆಗಳು ಒಗ್ಗುವುದಿಲ್ಲ. ಅವು ಆನ್ ಆಗುತ್ತವೆ, ಹಾಡುತ್ತವೆ, ಕೋಣೆ ಮಾತ್ರ ಮಿಸುಕುವುದಿಲ್ಲ. ಹಾಗಾಗಿ ಬೇರೆ ಊರಿನವರು ಗುಜರಿಗೆ ಹಾಕುವ ಡಬ್ಬಗಳಿಗೆ ನಮ್ಮಲ್ಲಿ ಎಲ್ಲಿಲ್ಲದ ಮರ್ಯಾದೆ. ಪರೀಕ್ಷೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಕೋಣೆ ಏರಿಸುತ್ತಾರೆ. ಓದಲು ಕೂತ ಹುಡುಗಿಯರು ಒಂದು ಗೇಣು ಜಡೆ ಬೆಳೆಸಿಕೊಂಡು ಹೊರಗೆ ಬರುತ್ತಾರೆ. ಉಪ್ಪಿನಕಾಯಿ ಬೇಗ ಮಾಗಲಿ ಅಂತ ಜಾಡಿಯನ್ನು ಕಂಪ್ಯೂಟರಿನ ಪಕ್ಕ ಇಡುವವರಿದ್ದಾರೆ. ಹೆಣ್ಣು ನೋಡಲು ಬಂದವರು ನಕ್ಷತ್ರ ಕೇಳುವ ಮೊದಲು, ಹುಡುಗಿ ಏರಿಸಿದ ಕೋಣೆಯಲ್ಲಿ ಎಷ್ಟು ಕೂತಿದ್ದಾಳೆ ಅಂತ ಕೇಳುತ್ತಾರೆ.

ಇದರಿಂದ ವಯಸ್ಸಿನ ತಕರಾರು ಬಾರದೆ ಇರುತ್ತದೆಯೇ? ಅದಕ್ಕೂ ನಮ್ಮಲ್ಲೊಂದು ಕಟ್ಟಳೆ ಇದೆ. ಮನೆಗೆ ಹಿರಿಯರು ಯಾರೆಂದರೆ ಮೊದಲು ಹುಟ್ಟಿದವರಲ್ಲ, ಹೆಚ್ಚು ಬಾಳಿದವರು. ಆದರೆ ಆ ಹಿರಿತನವನ್ನು ಕೇಳಿ ಪಡೆಯುವಂತಿಲ್ಲ. ಹಿಂದೆ ಬಿದ್ದ ಅಣ್ಣನೋ ಅಕ್ಕನೋ ಹೊರಗಿನವರ ಎದುರಿಗೆ ಆ ಹೆಚ್ಚು ಬಾಳಿದವರ ಕಾಲಿಗೆ ನಮಸ್ಕಾರ ಮಾಡಿ, ಅಣ್ಣ ಎಂದೋ ಅಕ್ಕ ಎಂದೋ ಬಾಯಿಬಿಟ್ಟು ಕರೆಯಬೇಕು. ಒಡಹುಟ್ಟಿದವರಲ್ಲಿ ಒಬ್ಬರು ಹಾಗೆ ಒಪ್ಪಿದರೂ ಸಾಕು, ಉಳಿದವರೆಲ್ಲ ಕಟ್ಟುಬಿದ್ದಂತೆ. ಅಲ್ಲಿಂದ ಮುಂದೆ ಮನೆಯಲ್ಲಿ ಹಾಗೆ ಹಿರಿಯರಾದವರದೇ ಮಾತು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹೈಮ ಬಾಳಿದ ವಯಸ್ಸಿನಲ್ಲಿ ನನ್ನನ್ನು ದಾಟಿ, ಅಣ್ಣನನ್ನೂ ದಾಟಿ ಎಷ್ಟೋ ಕಾಲವಾಗಿತ್ತು. ಅಣ್ಣ ಒಪ್ಪಲಿಲ್ಲ, ಒಪ್ಪಿದರೆ ಅಂಗಡಿಯ ಗಲ್ಲಾದ ಕುರ್ಚಿ ಬಿಟ್ಟು ಏಳಬೇಕಿತ್ತು. ನಾನೂ ಒಪ್ಪಲಿಲ್ಲ. ಅವಳನ್ನು ಅಕ್ಕ ಅಂದುಬಿಟ್ಟರೆ ಅವಳ ವರ್ಷಗಳನ್ನು ಅಣ್ಣ ತಿಂದದ್ದು ಸರಿ ಅಂತ ನಾನೇ ಮುದ್ರೆ ಒತ್ತಿದ ಹಾಗಾಗುತ್ತದೆ ಅಂತ ನನ್ನ ಹಟ. ಅವಳು ನನ್ನ ತಂಗಿ. ಅವಳು ನನ್ನನ್ನು ಅಕ್ಕ ಅನ್ನಬೇಕು, ಅಷ್ಟೇ.

ಆ ಕೋಣೆ ನಮ್ಮಪ್ಪನದು. ಮನೆಯ ಮುಂಭಾಗದಲ್ಲಿ ಡಿಟಿಪಿ ಅಂಗಡಿ, ಅದರ ಹಿಂದೆ ಗಾಜಿನ ಕಿಟಕಿ ಇರುವ ಕೋಣೆ, ಕೋಣೆಯಲ್ಲಿ ಅಪ್ಪನ ಹಳೇ ಕಂಪ್ಯೂಟರ್. ಲಗ್ನಪತ್ರಿಕೆ, ಕರಪತ್ರ, ಕಾಲೇಜಿನವರ ಪ್ರಬಂಧ ಎಲ್ಲವನ್ನೂ ಅಪ್ಪನೇ ಕೂತು ಟೈಪ್ ಮಾಡುತ್ತಿದ್ದರು. ಕೆಲಸ ಮೇಲೆ ಬಿದ್ದಾಗ ಕೋಣೆ ಏರಿಸುತ್ತಿದ್ದರು, ಆದರೆ ಅದಕ್ಕೊಂದು ಕ್ರಮವಿತ್ತು. ಮೊದಲು ಸಿಪಿಯು ಬಿಚ್ಚಿ ಬಣ್ಣ ಬಳಿಯುವ ಬ್ರಷ್ಷಿನಿಂದ ಫ್ಯಾನಿನ ಧೂಳು ತೆಗೆಯುವುದು. ಕಾವು ಎಳೆಯಲೆಂದು ಪ್ರೊಸೆಸರಿನ ಮೇಲೆ ಬಳಿದು ಒಣಗಿದ ಪೇಸ್ಟನ್ನು ಹತ್ತಿಯಿಂದ ಒರೆಸಿ ಹೊಸದನ್ನು ಒಂದು ತೊಗರಿಬೇಳೆಯಷ್ಟು ಮಾತ್ರ ಇಡುವುದು. ಆಮೇಲೆ ಒಂದೇ ಒಂದು ಗೆರೆ ವೇಗ ಏರಿಸಿ, ಬಟ್ಟಲಲ್ಲಿ ನೆನೆಹಾಕಿದ ಹೆಸರುಕಾಳು ಇಟ್ಟು, ಕೋಣೆ ಖಾಲಿ ಮಾಡಿ ಬಾಗಿಲು ಹಾಕುವುದು. ಕಂಪ್ಯೂಟರನ್ನು ಒಳಗೆ ಒಬ್ಬಂಟಿಯಾಗಿ ದುಡಿಯಲು ಬಿಟ್ಟು ನಾವೆಲ್ಲ ಕಿಟಕಿಯಲ್ಲಿ ನೋಡುತ್ತಾ ಕೂರುತ್ತಿದ್ದೆವು. ಮೊಳಕೆ ಬೆಳ್ಳಗೆ ನೆಟ್ಟಗೆ ಬಂದರೆ ಮನುಷ್ಯರು ಕೂರಬಹುದು. ಕಾಳು ಬೆಂದು ವಾಸನೆ ಬಂದರೆ ಒಂದು ಗೆರೆ ಇಳಿಸಬೇಕು. ವೋಲ್ಟೇಜು ಏರಿಸಿದರೆ ಅದು ಇನ್ನಷ್ಟು ಓಡುತ್ತದೆ, ಆದರೆ ಸುಡುವಷ್ಟು ಕಾಯುತ್ತದೆ, ಅದಕ್ಕೆ ಮಾತ್ರ ಅಪ್ಪ ಕೈ ಹಾಕಿದವರಲ್ಲ. "ಅದು ಎಷ್ಟು ತಡೆಯುತ್ತೆ ಅಂತ ನೋಡು, ಆಮೇಲೆ ಅದಕ್ಕಿಂತ ಕೆಳಗೆ ನಿಲ್ಲಿಸು. ತಡೆಯೋಷ್ಟೂ ಹೇರೋಕೆ ಅದೇನು ಕತ್ತೆಯಾ?" ಅನ್ನುತ್ತಿದ್ದರು. ಕೋಣೆ ಏರಿಸಿದಾಗ ಅವರೊಬ್ಬರೇ ಒಳಗೆ ಕೂರುತ್ತಿದ್ದರು. ನಮ್ಮನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಜೋಪಾನ ಯಾಕೆಂದರೆ, ಯಾರಾದರೂ ಒಳಗಿರುವಾಗ ಕಂಪ್ಯೂಟರ್ ನಿಂತರೆ ಅವರೂ ನಿಲ್ಲುತ್ತಾರೆ. ಮತ್ತೆ ಶುರುವಾದರೆ ಅವರೂ ಶುರುವಾದಾರು. ಆದರೆ ಕಾದು ಕಾದು ಪ್ರೊಸೆಸರೇ ಸುಟ್ಟುಹೋದರೆ ಮುಗಿಯಿತು. ಕೆಳಗಿನ ಬೀದಿಯಲ್ಲಿ ಸೋಮಶೇಖರ ಅಂತ ಕಾಲೇಜಿನ ಮೇಷ್ಟರಿದ್ದಾರೆ. ಪಿಎಚ್‌ಡಿ ಬೇಗ ಮುಗಿಸಬೇಕೆಂದು ಕಂಡಾಪಟ್ಟೆ ಏರಿಸಿಕೊಂಡು ಕೂತರು. ಈಗಲೂ ಕಾಫಿ ಲೋಟವನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಹಾಗೇ ಕೂತಿದ್ದಾರೆ. ಅವರ ಹೆಂಡತಿ ಶುಕ್ರವಾರ ಮನೆ ಸಾರಿಸುವಾಗ ಅವರ ಮೇಲಿನ ಧೂಳನ್ನೂ ಒರೆಸುತ್ತಾಳೆ.

ಅಪ್ಪ ಹೋದ ಮೇಲೆ ಅಂಗಡಿ ಅಣ್ಣನ ಕೈಗೆ ಬಂತು. ನಾನು ಆಗಲೇ ಮದುವೆಯಾಗಿ ಪಕ್ಕದ ಬೀದಿಯಲ್ಲಿ ಗಂಡನ ಜೊತೆ ಹಿಟ್ಟಿನ ಮಿಲ್ಲು ನಡೆಸುತ್ತಿದ್ದೆ. ಹೈಮಳಿಗೆ ಟೈಪಿಂಗ್ ಚೆನ್ನಾಗಿ ಬರುತ್ತಿತ್ತು. ಮದುವೆ ಗೊತ್ತಾಗುವವರೆಗೆ ಕೂತಿರಲಿ ಅಂದ ಅಣ್ಣ. ಕೂತಳು. ಆಮೇಲೆ ಲಗ್ನದ ಸೀಸನ್ನು ಅಂತ ಒಂದು ಗೆರೆ ಏರಿಸಿದ, ಸೀಸನ್ನು ಮುಗಿದ ಮೇಲೆ ಇಳಿಸಲಿಲ್ಲ. ಮುಂದಿನ ಸೀಸನ್ನಿಗೆ ಇನ್ನೊಂದು ಗೆರೆ. "ಬೆಳಿಗ್ಗೆ ಕೊಡಿ, ಮಧ್ಯಾಹ್ನ ಒಯ್ಯಿರಿ" ಅಂತ ಬೋರ್ಡು ಬೇರೆ ಹಾಕಿಸಿದ. ಊರೆಲ್ಲ ಭದ್ರಣ್ಣನ ಚುರುಕುತನ ಹೊಗಳಿತು. ಆ ಪುಣ್ಯಾತ್ಮ ಅಷ್ಟು ವರ್ಷಗಳಲ್ಲಿ ಒಂದು ದಿನವೂ ಆ ಹೊಸ್ತಿಲು ದಾಟಿದವನಲ್ಲ. ಅವನ ವಯಸ್ಸು ಅವನಿಗೆ ಅಷ್ಟು ಪ್ರೀತಿ. ಒಳಗೆ ಏನಾದರೂ ಹೇಳಬೇಕಾದರೆ ಕಾಗದದ ಮೇಲೆ ಬರೆದು ಗಾಜಿಗೆ ಹಿಡಿಯುತ್ತಿದ್ದ. ಹೈಮಳನ್ನು ನೋಡಿಹೋಗಲು ಬಂದ ಗಂಡುಗಳು ಮೊದಮೊದಲು ಕೋಣೆಯ ಲೆಕ್ಕ ಕೇಳಿ ಎದ್ದುಹೋದರು, ಆಮೇಲೆ ಅವಳ ಮುಖ ನೋಡಿಯೇ ಎದ್ದುಹೋದರು.

ಒಂದು ದಿನ ಹೊಸ ರಾಗಿಹಿಟ್ಟು ಕೊಡೋಣ ಅಂತ ಹೋದೆ. ಕೋಣೆಯ ಬಾಗಿಲ ಬಳಿ ಬರಿದಾದ ಒಂದು ಊಟದ ಡಬ್ಬಿ ಇತ್ತು. ಒಳಗೆ ಹೈಮ ಕಾಣಿಸುತ್ತಿದ್ದಳು, ಕೈಗಳು ಮಾತ್ರ ಮಸುಕು ಮಸುಕು.

"ಅತ್ತಿಗೆ, ಇವಳಿಗೆ ಊಟ ಎಷ್ಟು ಸಲ ಕೊಡ್ತೀರಿ?" ಅಂತ ಕೇಳಿದೆ.

"ಇದೇನ್ ಹಿಂಗ್ ಕೇಳ್ತೀಯ? ಮಧ್ಯಾಹ್ನದ ಊಟ ಮಧ್ಯಾಹ್ನ ಒಂದ್ಸಲ," ಅಂದಳು ಅತ್ತಿಗೆ.

"ಯಾರ ಮಧ್ಯಾಹ್ನ?"

ಅತ್ತಿಗೆಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಅವಳು ಕೆಟ್ಟವಳಲ್ಲ, ಸೂರ್ಯ ನೋಡಿ ಅಡುಗೆ ಮಾಡುವವಳು. ಒಳಗೆ ಕೂತವಳಿಗೆ ಎರಡು ಹಗಲು ಕಳೆದು ಮೂರನೆಯದು ನಡೆಯುತ್ತಿದೆ ಅನ್ನುವುದು ಆ ಮನೆಯಲ್ಲಿ ಯಾರ ತಲೆಗೂ ಹೋಗಿರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಮಿಲ್ಲಿನ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ದನಿ ನನ್ನದು, ಅವತ್ತು ಇಡೀ ಬೀದಿಗೆ ಕೇಳಿಸಿತು. ಅಣ್ಣ ಗಲ್ಲಾದಲ್ಲಿ ಕೂತು ಹಲ್ಲುಕಡ್ಡಿ ಆಡಿಸುತ್ತಾ, "ಅಪ್ಪ ಹೆಸರಿಟ್ಟಿದ್ದು ನಂಗೆ ವೀರಭದ್ರ ಅಂತ, ರುದ್ರಾವತಾರ ಮಾತ್ರ ನಿಂದು ದಾಕ್ಷಿ," ಅಂತ ನಕ್ಕ. ಅಂದಿನಿಂದ ಬುತ್ತಿ ನಾನೇ ಒಯ್ಯತೊಡಗಿದೆ. ಬೆಳಿಗ್ಗೆ ಒಂದು, ಮಿಲ್ಲಿನ ಕೆಲಸದ ನಡುವೆ ಎರಡು, ಸಂಜೆ ಒಂದು. ಹೈಮ ಬಾಗಿಲಿಗೆ ಬಂದು ಡಬ್ಬಿ ತೆಗೆದುಕೊಂಡು, "ಯಾಕಕ್ಕ ಸುಮ್ನೆ ಜಗಳ? ನಂಗೆ ಒಳಗಿದ್ರೇ ನೆಮ್ಮದಿ, ಯಾರೂ ಕರೆಯಲ್ಲ," ಅನ್ನುತ್ತಿದ್ದಳು. ಅವಳ ಆ ನೆಮ್ಮದಿ ಕಂಡರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಹೀಗಿರುವಾಗ ನಮ್ಮ ಪುರಸಭೆಯ ಅಧ್ಯಕ್ಷರಿಗೆ ಅರವತ್ತು ತುಂಬುವ ಕಾಲ ಬಂತು. ಸಮಾರಂಭಕ್ಕೆ ಅಭಿನಂದನಾ ಗ್ರಂಥ ಆಗಬೇಕು. ಊರಲ್ಲಿ ಯಾರೂ ಒಪ್ಪದ ಗಡುವಿಗೆ ಅಣ್ಣ ಒಪ್ಪಿಕೊಂಡ. ಒಬ್ಬ ಮನುಷ್ಯ ಅರವತ್ತು ವರ್ಷ ಸುಖವಾಗಿ ಬಾಳಿದ್ದನ್ನು ಅಚ್ಚುಹಾಕಲು ನನ್ನ ತಂಗಿಯ ಬಾಳು ಸವೆಯಬೇಕು! ಸಮಾರಂಭದ ಹಿಂದಿನ ದಿನ ನಾನು ಎರಡನೆಯ ಬುತ್ತಿ ಹಿಡಿದು ಹೋದಾಗ ಅಂಗಡಿಯ ಬೆಂಚಿನ ಮೇಲೆ ಅಧ್ಯಕ್ಷರ ಕಡೆಯ ರುದ್ರಸ್ವಾಮಿ ಕೂತು, ಕೊನೆಯ ಪುಟಗಳಿಗಾಗಿ ಕಾಯುತ್ತಿದ್ದ. ಒಳಗಿನ ಫ್ಯಾನಿನ ಸದ್ದು ಸೊಳ್ಳೆಯ ಸದ್ದಿನ ಹಾಗೆ ಸಣ್ಣಗೆ ಕೇಳುತ್ತಿತ್ತು. ಕಿಟಕಿಯ ಗಾಜು ಮುಟ್ಟಿದೆ. ಕಾವಲಿ ಮುಟ್ಟಿದ ಹಾಗೆ ಕೈ ಹಿಂದಕ್ಕೆ ಬಂತು.

"ಏನ್ ಮಾಡಿದೀಯ ಅಣ್ಣ?"

"ಬೆಳಿಗ್ಗೆ ಎರಡು ಗೆರೆ ಏರಿಸ್ದೆ. ಅದು ಒದ್ದಾಡೋಕೆ ಶುರು ಮಾಡ್ತು, ಅದಕ್ಕೆ ವೋಲ್ಟೇಜೂ ಕೊಟ್ಟೆ. ಈಗ ನೋಡು, ಕುದುರೆ ಥರ ಓಡ್ತಿದೆ."

"ಕೋಣೆ ಖಾಲಿ ಮಾಡಿ ನೋಡಿದ್ಯಾ? ಕಾಳು ಇಟ್ಟಿದ್ಯಾ?"

"ಹೆಸರುಕಾಳು ಮೊಳೆಯೋವರೆಗೂ ಅಧ್ಯಕ್ಷರ ಹುಟ್ಟುಹಬ್ಬ ಕಾಯುತ್ತಾ?" ಅಂದ. ರುದ್ರಸ್ವಾಮಿ ಕಿಸಕ್ಕೆಂದು ನಕ್ಕ.

"ನೀನು ಒಳಗೇ ಹೋಗಲ್ವಲ್ಲ, ಹೆಂಗೆ ಏರಿಸ್ದೆ?"

"ನಾನು ಯಾಕೆ ಹೋಗ್ಲಿ? ಇಷ್ಟಿಷ್ಟು ಅಂತ ಬರೆದು ಗಾಜಿಗೆ ಹಿಡಿದೆ. ಅವಳೇ ಏರಿಸ್ಕೊಂಡ್ಳು."

ಅವಳ ಕೈಯಿಂದಲೇ ಅವಳಿಗೆ ಬೆಂಕಿ ಹಚ್ಚಿಸಿದ್ದ. ಕರೆಂಟು ತೆಗೆಯೋಣ ಅಂದರೆ ಅಷ್ಟು ಕಾದದ್ದು ಒಮ್ಮೆಲೇ ನಿಂತರೆ ಮತ್ತೆ ಏಳುತ್ತದೋ ಇಲ್ಲವೋ. ಏಳದಿದ್ದರೆ ಹೈಮ ಟೈಪ್ ಮಾಡುತ್ತಾ ಕೂತವಳು ಹಾಗೇ ಕೂತುಬಿಡುತ್ತಾಳೆ. ಒಳಗೆ ಹೋಗಿ, ಓಡುತ್ತಿರುವಾಗಲೇ ಒಂದೊಂದು ಗೆರೆಯಾಗಿ ಇಳಿಸುವುದೊಂದೇ ದಾರಿ. ನಾನು ಬಾಗಿಲಿಗೆ ಕೈ ಹಾಕಿದೆ. ಅಣ್ಣ ರಟ್ಟೆ ಹಿಡಿದ. "ದಾಕ್ಷಿ, ಕೆಲಸ ಕೆಡಿಸ್ಬೇಡ, ಮಾನ ಹೋಗುತ್ತೆ!" ಅಂದ. ಹಿಟ್ಟಿನ ಮೂಟೆ ಎತ್ತುವ ರಟ್ಟೆ ನನ್ನದು. ಕೊಡವಿದ ರಭಸಕ್ಕೆ ಅವನು ಹೋಗಿ ರುದ್ರಸ್ವಾಮಿಯ ಮಡಿಲಲ್ಲಿ ಕೂತ. ನಾನು ಹೊಸ್ತಿಲು ದಾಟಿದೆ.

ಒಳಗೆ ಹೋದದ್ದೇ ತಡ, ಹೊರಗಿನ ಅಣ್ಣನ ಬೈಗುಳ ಎಮ್ಮೆ ಕೂಗಿದ ಹಾಗೆ ಎಳೆದೆಳೆದು ಕೇಳತೊಡಗಿತು. ಬಚ್ಚಲೊಲೆಯ ಮುಂದೆ ನಿಂತಂಥ ಸೆಕೆ. ಹೈಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೀಲಿಮಣೆಯ ಮೇಲೆ ಬಾಗಿದ್ದಳು. ತುಟಿ ಒಡೆದಿತ್ತು. ಪಕ್ಕದಲ್ಲಿ ಒಣ ಅವಲಕ್ಕಿಯ ಪೊಟ್ಟಣ.

"ಅಕ್ಕ ಬಂದ್ಯಾ? ನಿನ್ನೆಯಿಂದ ಕಾಯ್ತಿದೀನಿ. ಊಟ ತಂದ್ಯಾ?" ಅಂದಳು. ನಾನು ಬೆಳಗಿನ ಬುತ್ತಿ ಕೊಟ್ಟುಹೋಗಿ ಹೊರಗೆ ಎರಡು ಗಂಟೆಯೂ ಆಗಿರಲಿಲ್ಲ.

ಪರದೆಯ ಮೇಲೆ ಅಡ್ಡ ಗೆರೆಗಳು ಕುಣಿಯುತ್ತಿದ್ದವು. ಚಿತ್ರ ಒಮ್ಮೆ ಗಕ್ಕನೆ ಬೇರೆ ಕಡೆಗೆ ಹಾರಿತು. ಆ ನಡುವೆ ನಾವಿಬ್ಬರೂ ಗೊಂಬೆಗಳ ಹಾಗೆ ನಿಂತುಬಿಟ್ಟಿದ್ದೆವಂತೆ. ಕಿಟಕಿಯಲ್ಲಿ ನೋಡುತ್ತಿದ್ದ ಅತ್ತಿಗೆ ಆಮೇಲೆ ಅಳುತ್ತಾ ಹೇಳಿದಳು. ಅಪ್ಪ ಮಾಡುತ್ತಿದ್ದ ಹಾಗೆಯೇ ಮಾಡಿದೆ. ಅವರು ಹಾಕಿಟ್ಟಿದ್ದ ಸಣ್ಣ ಪ್ರೋಗ್ರಾಂ ತೆಗೆದು ಮೊದಲು ವೇಗ ಒಂದು ಗೆರೆ ಇಳಿಸಿದೆ. ವೋಲ್ಟೇಜು ಮೊದಲು ಇಳಿಸಿದ್ದರೆ ಆ ವೇಗದಲ್ಲಿ ಅದು ಉಸಿರು ಕಟ್ಟಿ ಅಲ್ಲೇ ನಿಲ್ಲುತ್ತಿತ್ತು. ಕಾದೆ. ಸಿಪಿಯುವಿನ ಪಕ್ಕದ ತಗಡು ಬಿಚ್ಚಿದರೆ ಧೂಳು ಕಂಬಳಿಯ ಹಾಗೆ ಕೂತಿದೆ! ಹುಷಾರಾಗಿ ಬ್ರಷ್ಷಿನಿಂದ ಎಬ್ಬಿಸಿ, ಟೇಬಲ್ ಫ್ಯಾನನ್ನು ಅದರ ಮುಖಕ್ಕೆ ತಿರುಗಿಸಿದೆ. ಇನ್ನೊಂದು ಗೆರೆ ಇಳಿಸಿ, ಆಮೇಲೆ ವೋಲ್ಟೇಜು ಸ್ವಲ್ಪ. ಮತ್ತೆ ಕಾಯುವುದು. ಹಿಂಭಾಗದಿಂದ ಬರುವ ಗಾಳಿಗೆ ಅಂಗೈ ಒಡ್ಡಿ, ಸುಡುವುದು ನಿಂತ ಮೇಲೆ ಮುಂದಿನ ಗೆರೆ.

ಕಾಯುವ ಹೊತ್ತಿನಲ್ಲಿ ಹೈಮಳಿಗೆ ಊಟ ಹಾಕಿದೆ. ಆತುರಾತುರವಾಗಿ ತಿಂದಳು. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೂ ಒಂದೇ ಕಾಲದಲ್ಲಿ ಕೂತಿದ್ದೆವು. ಅಷ್ಟು ಹತ್ತಿರದಿಂದ ನೋಡಿದರೆ ಅವಳ ಕತ್ತಿನ ಸುಕ್ಕು ನಮ್ಮಜ್ಜಿಯದೇ.

"ಅಧ್ಯಕ್ಷರ ಬಾಲ್ಯಕ್ಕೇ ಮೂವತ್ತು ಪುಟ ಇದೆ ಅಕ್ಕ," ಅಂದಳು. "ಅವ್ರು ಈಜು ಕಲ್ತಿದ್ದು, ಅವ್ರ ಮದುವೆ, ಕಾಶಿಗೆ ಹೋಗಿದ್ದು, ಎಲ್ಲ ಇದೆ. ಟೈಪ್ ಮಾಡ್ತಾ ಮಾಡ್ತಾ ನಂದೇನಿದೆ ಅಂತ ಯೋಚ್ನೆ ಬಂತು. ಎಷ್ಟು ಹುಡುಕಿದ್ರೂ ಬೇರೆಯವ್ರ ಲಗ್ನಪತ್ರಿಕೆನೇ ನೆನಪಾಗುತ್ತೆ. ಯಾರ ಮದುವೆ ಎಲ್ಲಿ ಆಯ್ತು ಅಂತ ಕೇಳು, ಈಗ್ಲೂ ಹೇಳ್ತೀನಿ."

"ನಿಂಗೆ ಸಿಟ್ಟು ಬರಲ್ವೇನೇ?" ಅಂದೆ.

"ಬರುತ್ತೆ. ಬಂದಾಗ ಬೇಗ ಬೇಗ ಟೈಪ್ ಮಾಡ್ತೀನಿ," ಅಂದಳು.

ನಾನು ಮುಖ ತಿರುಗಿಸಿಕೊಂಡು ಇನ್ನೊಂದು ಗೆರೆ ಇಳಿಸಿದೆ. ಅಣ್ಣನ ದನಿ ಎಮ್ಮೆಯಿಂದ ಮನುಷ್ಯನ ದನಿಗೆ ಬರತೊಡಗಿತು. ಕೊನೆಗೆ ಒಳಗೂ ಹೊರಗೂ ಒಂದೇ ಕಾಲವಾಯಿತು. ಕಂಪ್ಯೂಟರನ್ನು ನಿಲ್ಲಿಸಬೇಕೆಂದರೆ ಒಳಗೆ ಯಾರೂ ಇರಬಾರದು. ಹೈಮಳ ಕೈ ಹಿಡಿದು ಹೊರಗೆ ಕರೆತಂದೆ. ಅಂಗಡಿಯ ಬೆಳಕಿಗೆ ಅವಳು ಕಣ್ಣು ಕಿರಿದು ಮಾಡಿ ನಿಂತಳು. ನೀರು ಬೇಕಾ, ಕೂರ್ತೀಯಾ ಅಂತ ಕೇಳುವುದು ಬಿಟ್ಟು ಅಣ್ಣ ಏನಂದ ಗೊತ್ತೇ?

"ಆಯ್ತಲ್ಲ, ತಣ್ಣಗಾಯ್ತಲ್ಲ? ಪುಟ್ಟಿ, ಇನ್ನು ನಾಲ್ಕು ಪುಟ ಇದೆ. ಹೋಗು, ಏರಿಸ್ಕೊಂಡು ಬೇಗ ಮುಗಿಸಿಬಿಡು. ರುದ್ರಸ್ವಾಮಿಯವ್ರು ಎಷ್ಟೊತ್ತಿಂದ ಕಾಯ್ತಿದಾರೆ!"

ಪುಟ್ಟಿ! ತಲೆಯಲ್ಲಿ ಒಂದೂ ಕಪ್ಪು ಕೂದಲಿಲ್ಲದವಳು ಇವನಿಗೆ ಇನ್ನೂ ಪುಟ್ಟಿ. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಪ್ಪನ ಹೆಸರು ತೆಗೆದು ಅಂದೆ, ಅವನ ಬಣ್ಣ ಹಚ್ಚಿದ ಮೀಸೆ ಹಿಡಿದು ಜಗ್ಗುತ್ತೇನೆ ಅಂದೆ. ಬೀದಿಯವರು ಬಾಗಿಲಿಗೆ ಬಂದು ನಿಂತರು. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಬಾಯಿಗೆ ಹೆದರಬೇಕಿಲ್ಲ ಅಂತ ಅವನಿಗೆ ಗೊತ್ತು. ಅವನು ನೋಡುತ್ತಿದ್ದದ್ದು ಹೈಮಳನ್ನು. ಅವಳು ಮೆಲ್ಲಗೆ ನನ್ನ ಕೈ ಬಿಡಿಸಿಕೊಂಡಳು.

"ಹೋಗ್ಲಿ ಬಿಡಕ್ಕ. ಅಣ್ಣ ಹೇಳ್ತಿದಾನಲ್ಲ, ನಾಲ್ಕೇ ಪುಟ," ಅಂದು ಕೋಣೆಯ ಕಡೆಗೆ ತಿರುಗಿದಳು.

ಅಣ್ಣ ಹೇಳುತ್ತಿದ್ದಾನೆ. ಅವಳಿಗೆ ಅಷ್ಟೇ ಸಾಕು, ತೊಟ್ಟಿಲಿಂದ ಇಳಿದಾಗಿನಿಂದ ಅಷ್ಟೇ ಸಾಕಾಗಿತ್ತು. ನಾನು ಇವತ್ತು ಇಳಿಸುತ್ತೇನೆ, ಅವನು ನಾಳೆ ಏರಿಸುತ್ತಾನೆ, ಅವಳು ಹೋಗಿ ಕೂರುತ್ತಾಳೆ. ನನ್ನ ಗಂಟಲು, ನನ್ನ ರಟ್ಟೆ, ನನ್ನ ಬುತ್ತಿ ಯಾವುದೂ ಅವಳನ್ನು ಆ ಹೊಸ್ತಿಲಿನಿಂದ ಈಚೆಗೆ ತರಲಾರದು ಅಂತ ಆಗ ಹೊಳೆಯಿತು. ತರುವಂಥದ್ದು ಒಂದೇ ಇತ್ತು. ಅದನ್ನೇ ನಾನು ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದುಕೊಂಡಿದ್ದೆ.

ರುದ್ರಸ್ವಾಮಿ ನೋಡುತ್ತಿದ್ದ, ಬೀದಿಯವರು ನೋಡುತ್ತಿದ್ದರು. ನಾನು ಹೋಗಿ ಹೈಮಳಿಗೆ ಅಡ್ಡ ನಿಂತೆ. ಸೆರಗು ಹೊದ್ದು ನೆಲಕ್ಕೆ ಬಾಗಿ, ಒಮ್ಮೆ ನಾನೇ ಎಣ್ಣೆ ತಿಕ್ಕಿ ಬೆಳೆಸಿದ ಆ ಪಾದಗಳನ್ನು ಎರಡು ಕೈಯಲ್ಲೂ ಮುಟ್ಟಿದೆ.

"ಅಕ್ಕ," ಅಂದೆ. ದನಿ ಹೊರಡಲಿಲ್ಲ. ಇಡೀ ಬೀದಿಗೆ ಕೇಳುವ ದನಿ ನನ್ನದು, ಆ ಒಂದು ಮಾತಿಗೆ ಹೊರಡಲಿಲ್ಲ. ಮತ್ತೆ ಜೋರಾಗಿ ಅಂದೆ, "ಅಕ್ಕ, ನೀವು ಒಳಗೆ ಹೋಗ್ಬೇಡಿ."

"ಏಯ್ ದಾಕ್ಷಿ, ಏನೇ ಇದು, ತಲೆ ಕೆಟ್ಟಿದ್ಯಾ?" ಅಂತ ಅಣ್ಣ ಗಲ್ಲಾದ ಕುರ್ಚಿಯಿಂದ ಅರ್ಧ ಎದ್ದ. ಆದರೆ ರುದ್ರಸ್ವಾಮಿ ಆಗಲೇ ಬೆಂಚಿನಿಂದ ಎದ್ದು ನಿಂತು, ನಮ್ಮೂರಲ್ಲಿ ಮನೆಯ ಹಿರಿಯರಿಗೆ ಮಾಡುವ ಹಾಗೆ ಹೈಮಳಿಗೆ ಕೈಮುಗಿದಿದ್ದ. ಕಟ್ಟಳೆ ಕಟ್ಟಳೆಯೇ. ಬಾಗಿಲಲ್ಲಿ ನಿಂತವರೂ ಒಬ್ಬೊಬ್ಬರಾಗಿ ಕೈಮುಗಿದರು. ಅತ್ತಿಗೆ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಹೈಮಳ ಪಾದ ನನ್ನ ಕೈಯಡಿ ನಡುಗುತ್ತಿತ್ತು. ಆಮೇಲೆ ನಡುಕ ನಿಂತಿತು.

"ಭದ್ರ," ಅಂದಳು. ಅಣ್ಣ ಅನ್ನಲಿಲ್ಲ. "ಕುರ್ಚಿ ಬಿಡು."

ಅವನು ಅವಳು ನಗುತ್ತಾಳೇನೋ ಅಂತ ಕಾದ. ಅವಳು ನಗಲಿಲ್ಲ. ಅವನು ಎದ್ದ, ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ಬಾಗಿಲ ಸಂದಿಯಲ್ಲಿ ನಿಂತ. ಹೈಮ ನಿಧಾನವಾಗಿ ನಡೆದು ಹೋಗಿ, ಮಂಡಿ ಹಿಡಿದುಕೊಂಡು ಅಪ್ಪನ ಕುರ್ಚಿಯಲ್ಲಿ ಕೂತಳು.

"ಉಳಿದಿರೋ ನಾಲ್ಕು ಪುಟ ನೀನು ಕೂತು ಮುಗಿಸು. ಏರಿಸದೆ," ಅಂದಳು ಅವನಿಗೆ. ರುದ್ರಸ್ವಾಮಿಯ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಬನ್ನಿ," ಅಂದಳು. ಅವನು ಮತ್ತೊಮ್ಮೆ ಕೈಮುಗಿದು ಹೋದ. ಅಣ್ಣ ಕೋಣೆಯ ಹೊಸ್ತಿಲಲ್ಲಿ, ತಣ್ಣೀರಿಗೆ ಇಳಿಯುವವನ ಹಾಗೆ ಒಂದು ಕಾಲು ಎತ್ತಿ ಇಳಿಸಿ ಮಾಡುತ್ತಿದ್ದ. ಕೊನೆಗೆ ದಾಟಿದ. ನನಗೆ ಕೇಕೆ ಹಾಕಿ ನಗಬೇಕು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ದಾಕ್ಷಿ," ಅಂತ ಹೈಮ ಕರೆದಳು. "ಒಂದು ಲೋಟ ನೀರು ತಗೊಂಡು ಬಾರೆ."

"ತರ್ತೀನಿ ಅಕ್ಕ," ಅಂದೆ. ಅಡುಗೆಮನೆಗೆ ಹೋಗಿ ಲೋಟಕ್ಕೆ ನೀರು ಬಗ್ಗಿಸಿದೆ. ತುಂಬಿ ಚೆಲ್ಲಿದ್ದೂ ತಿಳಿಯಲಿಲ್ಲ. ನಮ್ಮಪ್ಪನಿಗೆ ನಾವು ಮೂವರೇ ಮಕ್ಕಳು, ಅದರಲ್ಲಿ ನಾನೇ ಈಗ ಎಲ್ಲರಿಗಿಂತ ಚಿಕ್ಕವಳು. ನನ್ನನ್ನು ಅಕ್ಕ ಅಂತ ಕರೆಯುವವರು ಇನ್ನು ಯಾರೂ ಇಲ್ಲ.